ಔಟ್ ಅಂದರೆ ಹೊರಗೆ ಅಲ್ಲ

ಕಚೇರಿ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಹೊಗಳಿದರೆ ಹಿಗ್ಗಬೇಡಿ. ನನಗೂ ಚೆನ್ನಾಗಿಯೇ ಬರುತ್ತಿತ್ತು. ಅದರಿಂದಾಗಿ ಒಬ್ಬ ಮನುಷ್ಯನ ಕೆಲಸ ಹೋಯಿತು, ಮರ್ಯಾದೆಯೂ ಹೋಯಿತು.

ನಾನು ಶಾಂತಮ್ಮ. ಹೆಸರಷ್ಟೇ ಶಾಂತ. ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ತವರಿನವರೂ ಹೇಳುತ್ತಾರೆ, ಗಂಡನ ಮನೆಯವರೂ ಹೇಳುತ್ತಾರೆ. ಎರಡೂ ಮನೆಯವರು ಒಪ್ಪುವ ವಿಷಯ ಇದೊಂದೇ. ಊರೂರಿಗೆ ಕುಡಿಯುವ ನೀರಿನ ಕೊಳಾಯಿ ಹಾಕಿಸುವ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ಅಲ್ಲಿಯೇ ಕನ್ನಡಕ ಬಂದು, ಅಲ್ಲಿಯೇ ನಿವೃತ್ತಳಾದೆ. ಕಚೇರಿಯ ಪೂರ್ತಿ ಹೆಸರು ಬೇಡ. ಹೇಳಿದರೆ ಇನ್ನೂ ಬದುಕಿರುವ ಕೆಲವರಿಗೆ ಇರುಸುಮುರುಸಾಗುತ್ತದೆ. ಆಗಲಿ ಎಂದು ಆಸೆಯೇನೋ ಇದೆ, ಆದರೂ ಬೇಡ.

ಮೊದಲ ಊರು ಚನ್ನಗಿರಿ. ಎಪ್ಪತ್ತರ ದಶಕದ ಶುರು. ದಾವಣಗೆರೆಯಲ್ಲಿ ಟೈಪಿಂಗು, ಕನ್ನಡ ಶೀಘ್ರಲಿಪಿ ಎರಡನ್ನೂ ಕಲಿತು, ವ್ಯಾಕರಣದ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅರ್ಜಿಗಳು ಕನ್ನಡದಲ್ಲಿ ಬರುತ್ತಿದ್ದವು, ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ಹೋಗಬೇಕಿತ್ತು. ನಡುವೆ ನಾನು. ಯಾರಿಗೂ ಅರ್ಥವಾಗದಿದ್ದರೂ ತಪ್ಪು ನನ್ನದು, ಎಲ್ಲರಿಗೂ ಅರ್ಥವಾದರೆ ಹೆಸರು ಸಾಹೇಬರದು.

ನಲ್ಲೂರಿನಲ್ಲಿ ನೀರು ಬಿಡುವವನೊಬ್ಬನಿದ್ದ. ನೀರುಗಂಟಿ ಎನ್ನುತ್ತಿದ್ದೆವು. ಅವನ ಅರ್ಜಿ ಬಂತು: ‘ಮೇಸ್ತ್ರಿಯವರು ನನಗೆ ಫಿಟ್ಟಿಂಗ್ ಇಟ್ಟಿದ್ದಾರೆ, ತಾವು ದಯಮಾಡಿ ತೆಗೆಸಿಕೊಡಬೇಕು.’ ನಮ್ಮದು ಪೈಪು, ನಲ್ಲಿ, ಎಲ್ಬೋಗಳ ಕಚೇರಿ. ಫಿಟ್ಟಿಂಗ್ ಅಂದರೆ ಇನ್ನೇನಿರುತ್ತದೆ? ಮೇಸ್ತ್ರಿ ಇವನ ಬಳಿ ಸಾಮಾನು ಇಟ್ಟಿದ್ದಾನೆ, ಅದನ್ನು ತೆಗೆಸಬೇಕಂತೆ ಎಂದು ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಟೈಪು ಮಾಡಿ ಸಾಹೇಬರ ಮುಂದಿಟ್ಟೆ. ಸ್ಟೋರ್ ಕೀಪರು ಜೀಪು ಹತ್ತಿಕೊಂಡು ಹೋದ. ಬಡಪಾಯಿಯ ಮನೆಯ ಮಂಚದ ಕೆಳಗೆ, ಕಣಜದ ಹಿಂದೆ, ಒಲೆಯ ಪಕ್ಕ ಎಲ್ಲ ಹುಡುಕಿ ಬರಿಗೈಯಲ್ಲಿ ಬಂದ. ಮಾರನೆಯ ದಿನ ನೀರುಗಂಟಿ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ತಲೆ ಚಚ್ಚಿಕೊಂಡ.

“ಅಮ್ಮಾರೆ, ಫಿಟ್ಟಿಂಗ್ ಇಟ್ಟಾನೆ ಅಂದ್ರೆ ಸಾಹೇಬ್ರ ಹತ್ರ ನನ್ ಮ್ಯಾಲೆ ಚಾಡಿ ಹೇಳಿ ನನ್ ಕೆಲ್ಸಕ್ಕೆ ಕಲ್ಲು ಹಾಕ್ಯಾನೆ ಅಂತ! ಊರ ಮಂದಿ ಎದುರಿಗೆ ಕಳ್ಳನ್ ಮನೆ ಹುಡುಕ್ದಂಗೆ ಹುಡುಕಿಸಿದ್ರಲ್ರೀ.”

“ಚಾಡಿ ಹೇಳಿದಾನೆ ಅಂತಲೇ ಬರೀಬಾರದಾಗಿತ್ತಾ?”

“ಹಂಗೆ ಬರದ್ರೆ ಮೇಸ್ತ್ರಿ ಬಂದು ಕೇಳಲ್ವಾ? ಹಿಂಗೆ ಬರದ್ರೆ, ನಾನ್ ಹೇಳಿದ್ದು ಪೈಪಿನ ಫಿಟ್ಟಿಂಗ್ ಕಣಣ್ಣ ಅನ್ನಬೋದು.”

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಹೇಳಿದ ಮಾತಿನಲ್ಲಿ ಒಂದು ಪಾಠವಿತ್ತು, ಅದನ್ನು ನಾನು ಕಲಿಯಲಿಲ್ಲ. ಕಲಿತಿದ್ದರೆ ಈ ಬರಹ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಹೊನ್ನಾಳಿಗೆ ವರ್ಗವಾಯಿತು. ಅಲ್ಲಿನ ಸಾಹೇಬರು ಮುಂಗೋಪಿ. ಅವರ ಮೇಲೆ ಗುಮಾಸ್ತನೊಬ್ಬ ದೂರು ಕೊಟ್ಟಿದ್ದ: ‘ಕಾರಣವಿಲ್ಲದೆ ಸಾಹೇಬರು ನನ್ನ ಮೇಲೆ ರಾಂಗ್ ಆದರು.’ ನಾನು ‘ಈ ವಿಷಯದಲ್ಲಿ ಸಾಹೇಬರದು ರಾಂಗ್’ ಎಂದು ಇಂಗ್ಲಿಷ್ ಮಾಡಿದೆ. ಸಾಹೇಬರು ಕಾಗದ ಹಿಡಿದುಕೊಂಡು ಹೊರಗೆ ಬಂದರು.

“ಏನ್ರೀ ಶಾಂತಮ್ಮ, ನಾನು ರಾಂಗಾ?”

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಬಾಯಿ ತಡೆಯಲಾರದೆ, “ಈಗ ಆಗೀರಲ್ಲ ಸಾ” ಎಂದುಬಿಟ್ಟ. ಇಡೀ ಕಚೇರಿ ಕಡತದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿತು. ರಾಂಗ್ ಆಗುವುದು ಅಂದರೆ ಸಿಟ್ಟಿಗೇಳುವುದು ಎಂದು ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ಸಿಟ್ಟಿನಲ್ಲಿ ನನ್ನನ್ನು ಮೀರಿಸುವವರಿಲ್ಲ, ಆದರೆ ಸಿಟ್ಟಿಗೆ ಗಂಡಸರು ಇಟ್ಟುಕೊಂಡ ಹೆಸರೇ ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದಿರುವುದಕ್ಕೆ ಕಾರಣವೂ ಇತ್ತು. ಈ ಮಾತುಗಳೆಲ್ಲ ಹುಟ್ಟುತ್ತಿದ್ದುದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಗ್ಯಾರೇಜಿನಲ್ಲಿ, ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ. ನಾನು ಹತ್ತಿರ ಹೋದರೆ ಬೀಡಿಯ ಜೊತೆ ಮಾತನ್ನೂ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. “ಏನ್ರಪ್ಪಾ ಅದು, ರೀಲು ಬಿಡ್ತಾನೆ ಅಂದ್ರೆ?” ಎಂದು ಕೇಳಿದರೆ, “ಏನಿಲ್ಲ ಅಮ್ಮಾರೆ, ಟೇಲರ್ ಅಂಗಡಿ ವಿಷಯ” ಎನ್ನುವರು. ಅದು ಸುಳ್ಳು ಹೇಳುವುದಕ್ಕಿರುವ ಹೆಸರು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಸುಳ್ಳು ಎಂಬ ಮಾತಿನ ಬಗ್ಗೆಯೇ ನನಗೆ ಸುಳ್ಳು ಹೇಳಿದ್ದರು.

ಒಂದು ಗುಟ್ಟು ಹೇಳಬೇಕು. ನಾವು ಹೆಂಗಸರೂ ಕಡಿಮೆಯೇನಲ್ಲ. ನಾನು, ಕಚೇರಿಯ ಕಸ ಗುಡಿಸುವ ಗೌರಮ್ಮ ಇಬ್ಬರೇ ಅಲ್ಲಿ ಹೆಂಗಸರು. ತಿಂಗಳಿನ ಆ ಮೂರು ದಿನ ಗೌರಮ್ಮ, “ಅಕ್ಕಾ, ಇವತ್ತು ನಾನು ಔಟ್ ಆಫ್ ಸ್ಟೇಷನ್” ಅನ್ನುತ್ತಿದ್ದಳು. ಹಳ್ಳಿಯಲ್ಲಿ ‘ಹೊರಗಾಗಿದೀನಿ’ ಅನ್ನುವುದನ್ನೇ ಸಾಹೇಬರ ಬಾಯಿಂದ ಕೇಳಿದ ಇಂಗ್ಲಿಷಿಗೆ ಹಾಕಿಕೊಂಡಿದ್ದಳು. ಮೇಜಿನ ಪಕ್ಕ ಪೊರಕೆ ಹಿಡಿದು ನಿಂತುಕೊಂಡೇ ಔಟ್ ಆಫ್ ಸ್ಟೇಷನ್! ಗಂಡಸರಿಗೆ ತಲೆಬುಡ ತಿಳಿಯುತ್ತಿರಲಿಲ್ಲ, ನಾವಿಬ್ಬರೂ ನಗುತ್ತಿದ್ದೆವು. ನಾಚಿಕೆಯ ಮಾತಿಗೆ ಇಂಗ್ಲಿಷಿನ ಸೆರಗು ಹೊದಿಸಿದರೆ ಯಾರ ಮುಂದೆ ಬೇಕಾದರೂ ಆಡಬಹುದು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಾವು ಮಾಡಿದ್ದನ್ನೇ ಗಂಡಸರೂ ಮಾಡುತ್ತಾರೆ ಎಂಬ ಬುದ್ಧಿ ಮಾತ್ರ ಬರಲಿಲ್ಲ.

ಈಗ ನ್ಯಾಮತಿಯ ವಿಷಯ. ಅದು ಆಗಿನ್ನೂ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಗೆ ಸೇರಿತ್ತು. ಅಲ್ಲಿ ನಮ್ಮದೊಂದು ಸಣ್ಣ ಕಚೇರಿ, ಒಬ್ಬ ಸೆಕ್ಷನ್ ಸಾಹೇಬರು, ಒಂದು ಜೀಪು, ಜೀಪಿಗೆ ದುರುಗಪ್ಪ ಎಂಬ ಡ್ರೈವರ್. ದುರುಗಪ್ಪ ಐವತ್ತರ ಹತ್ತಿರದವನು. ಅವನ ಕೇರಿಯ ಹತ್ತಾರು ಮನೆಯವರು ಬುದ್ಧನ ದಾರಿ ಹಿಡಿದಿದ್ದರು. ಹುಣ್ಣಿಮೆಯ ದಿನ ಎಲ್ಲರೂ ಸೇರಿ ಪಂಚಶೀಲ ಹೇಳುತ್ತಿದ್ದರು. ಅದರ ಐದನೆಯದು ಕುಡಿಯುವುದಿಲ್ಲ ಎಂಬ ಮಾತು. ದುರುಗಪ್ಪ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಕೆಮ್ಮಿನ ಔಷಧವನ್ನೂ ಮೂಸಿ ನೋಡಿ ಕುಡಿಯುತ್ತಿದ್ದ.

ಒಂದು ಮಧ್ಯಾಹ್ನ ಗುತ್ತಿಗೆದಾರರೊಬ್ಬರ ತೋಟದ ಮನೆಯಲ್ಲಿ ಸಾಹೇಬರಿಗೆ ಊಟವಿತ್ತು. ವಾಪಸು ಬರುವಾಗ ಜೀಪು ಸೇತುವೆಯ ಕಟ್ಟೆಗೆ ಡ್ಯಾಶ್ ಹೊಡೆಯಿತು. ಯಾರಿಗೂ ಹೆಚ್ಚು ಪೆಟ್ಟಾಗಲಿಲ್ಲ, ಆದರೆ ಸರ್ಕಾರಿ ಜೀಪಿನ ಮೂತಿ ಅಪ್ಪಚ್ಚಿಯಾಯಿತು. ದುರುಗಪ್ಪ ಕುಡಿದು ಓಡಿಸಿದ ಎಂದು ಸಾಹೇಬರು ಬರೆದುಕೊಟ್ಟರು. ತಾವು ಆ ದಿನ ಜೀಪಿನಲ್ಲಿ ಇರಲೇ ಇಲ್ಲವೆಂದೂ, ಬೇರೆ ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ದುದಾಗಿಯೂ ಬರೆದರು. ದುರುಗಪ್ಪ ಹೇಳಿದ್ದೇ ಬೇರೆ: ಸಾಹೇಬರೇ ಕೀ ಕಿತ್ತುಕೊಂಡರು, ಸಾಹೇಬರೇ ಓಡಿಸಿದರು, ಬೇಡವೆಂದರೂ ಕೇಳಲಿಲ್ಲ. ನೋಡಿದವನು ಒಬ್ಬನೇ, ಸೇತುವೆಯ ಪಕ್ಕದ ಪಂಪ್‌ಹೌಸಿನ ವಾಚ್‌ಮನ್ ತಿಪ್ಪೇಶಿ.

ವಿಚಾರಣೆ ನಡೆಸಲು ಮೇಲಿನ ಕಚೇರಿಯಿಂದ ಒಬ್ಬರು ಬಂದರು. ಅವರು ಹೊರರಾಜ್ಯದವರು. ಅವರ ಕನ್ನಡ ‘ಕಾಫಿ ಬೇಕು, ಬಿಸಿ ನೀರು ಬೇಕು’ ಎನ್ನುವಷ್ಟೇ. ಪ್ರಶ್ನೆಯನ್ನು ನಾನು ಕನ್ನಡ ಮಾಡಿ ಕೇಳಬೇಕು, ಉತ್ತರವನ್ನು ಶೀಘ್ರಲಿಪಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಬೇಕು, ಆಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಶಿವಮೊಗ್ಗ ಜಿಲ್ಲೆಯಲ್ಲೇ ಎರಡೂ ಬರುವ ಟೈಪಿಸ್ಟ್ ಇವಳೊಬ್ಬಳೇ ಎಂದು ನಮ್ಮ ಹೆಡ್ ಕ್ಲರ್ಕ್ ವೀರಭದ್ರಯ್ಯ ನನ್ನನ್ನು ಪರಿಚಯ ಮಾಡಿಸಿದರು. ನಾನು ಸೆರಗು ಸರಿಮಾಡಿಕೊಂಡು ಬೀಗುತ್ತಾ ಕೂತೆ.

ತಿಪ್ಪೇಶಿ ಕೈಕಟ್ಟಿ ನಿಂತ. ಸೆಕ್ಷನ್ ಸಾಹೇಬರು ಎದುರಿಗೇ ಕುರ್ಚಿಯ ಮೇಲೆ ಕೂತಿದ್ದರು. ದುರುಗಪ್ಪ ಗೋಡೆಗೆ ಒರಗಿ ನಿಂತಿದ್ದ.

“ಅವತ್ತು ಏನು ನೋಡಿದೆ, ಹೇಳಪ್ಪಾ” ಎಂದೆ.

ತಿಪ್ಪೇಶಿ ಸಾಹೇಬರನ್ನು ನೋಡಿದ, ನನ್ನನ್ನು ನೋಡಿದ, ನೆಲ ನೋಡಿದ. “ಅವರು ಅವತ್ತು ಔಟ್ ಆಗಿದ್ರು ಅಮ್ಮಾರೆ. ನಾನೇ ಅವರ ಕೈ ಹಿಡ್ದು ಇಳಿಸ್ದೆ. ಅವನು ಗೇಟಿನ ತಾವ ನೀರು ತರಾಕೆ ಓಡಿದ” ಎಂದ.

ದುರುಗಪ್ಪನ ಮುಖ ಹಗುರಾದಂತೆ ಕಂಡಿತು. ಸಾಹೇಬರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಅಲ್ಲಿದ್ದ ಗಂಡಸರಿಗೆಲ್ಲ ಅರ್ಥವಾಗಿತ್ತು. ಅರ್ಥವಾಗದೆ ಉಳಿದವರು ಇಬ್ಬರೇ. ಒಬ್ಬರು ಕನ್ನಡ ಬಾರದ ಅಧಿಕಾರಿ, ಇನ್ನೊಬ್ಬಳು ಜಿಲ್ಲೆಗೇ ಹೆಸರಾದ ಟೈಪಿಸ್ಟ್.

ನಾನು ಟೈಪು ಮಾಡಿದ್ದು ಹೀಗೆ: ‘ಹಿ ವಾಸ್ ಔಟ್ ಆನ್ ದಟ್ ಡೇ. ಐ ಹೆಲ್ಡ್ ಹಿಸ್ ಹ್ಯಾಂಡ್ ಅಂಡ್ ಗಾಟ್ ಹಿಮ್ ಡೌನ್. ಹಿ ರ‍್ಯಾನ್ ಟು ದ ಗೇಟ್ ಫಾರ್ ವಾಟರ್.’ ಒಂದು ಕಾಗುಣಿತದ ತಪ್ಪಿಲ್ಲ, ಒಂದು ಅಕ್ಷರ ಅಳಿಸಿದ ಗುರುತಿಲ್ಲ. ಕೆಳಗೆ ‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು’ ಎಂಬ ಸಾಲನ್ನೂ ಹಾಕಿದೆ. ಯಾರು ಓದಿದರು, ಯಾರಿಗೆ ಹೇಳಿದರು? ಆ ಸಾಲನ್ನು ಹಾಕುವುದು ರೂಢಿ, ಓದಿ ಹೇಳುವುದು ರೂಢಿಯಲ್ಲ. ತಿಪ್ಪೇಶಿ ಹೆಬ್ಬೆಟ್ಟು ಒತ್ತಿ ಹೋದ.

ಕಾಗದ ಮೇಲಕ್ಕೆ ಹೋಯಿತು. ಅಲ್ಲಿ ಅದನ್ನು ಸಾಹೇಬರು ಬರೆದುಕೊಟ್ಟಿದ್ದರ ಪಕ್ಕದಲ್ಲಿಟ್ಟು ಓದಿದವರಿಗೆ ತಿಳಿದದ್ದು ಇಷ್ಟು: ಸಾಹೇಬರು ಆ ದಿನ ಊರಲ್ಲಿರಲಿಲ್ಲ, ಹೊರಗೆ ಹೋಗಿದ್ದರು, ವಾಚ್‌ಮನ್ ಕೈ ಹಿಡಿದು ಇಳಿಸಬೇಕಾಗುವಷ್ಟು ಕುಡಿದಿದ್ದವನು ಡ್ರೈವರ್. ಸಾಹೇಬರ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಅವರ ಮಾವನೂ ಹೇಳುತ್ತಿರಲಿಲ್ಲ. ಕೆಲವು ತಿಂಗಳಿಗೆ ಆದೇಶ ಬಂತು. ದುರುಗಪ್ಪನನ್ನು ಕೆಲಸದಿಂದ ತೆಗೆದಿದ್ದರು.

ಅಯ್ಯೋ ಪಾಪ ಎಂದುಕೊಂಡೆ, ಆದರೆ ಕುಡಿದು ಓಡಿಸಿದರೆ ಮತ್ತೇನು ಮಾಡುತ್ತಾರೆ ಎಂದೂ ಅಂದುಕೊಂಡೆ. ನಿಜ ಹೇಳುತ್ತೇನೆ, ಅಂದುಕೊಂಡೆ. ನಾನು ಟೈಪು ಮಾಡಿದ್ದನ್ನು ನಾನೇ ನಂಬಿದ್ದೆ.

ಹೊನ್ನಾಳಿಯಿಂದ ನನಗೆ ಜಗಳೂರಿಗೆ ವರ್ಗವಾಯಿತು. ಎರಡು ವರ್ಷ ಕಳೆದಿರಬೇಕು. ದಾವಣಗೆರೆಯಿಂದ ಜಗಳೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಒಬ್ಬ ಪಕ್ಕದವರ ಮೇಲೆ ವಾಲಿಕೊಂಡು ಬೀಳುತ್ತಿದ್ದ. ಕಂಡಕ್ಟರ್ ಬಂದು ಅವನ ರಟ್ಟೆ ಹಿಡಿದು ಅಲ್ಲಾಡಿಸಿ, ಡ್ರೈವರ್ ಕಡೆ ತಿರುಗಿ ಕೂಗಿದ:

“ಇವ್ನು ಫುಲ್ ಔಟ್ ಆಗ್ಯಾನೆ ಕಣಣ್ಣ! ಮುಂದಿನ ಸ್ಟಾಪ್‌ನಾಗೆ ಕೈ ಹಿಡ್ದು ಇಳಿಸ್ಬೇಕು.”

ನಾನು ಸೀಟಿನಿಂದ ಎದ್ದೆ. ಔಟ್, ಕೈ ಹಿಡಿದು, ಇಳಿಸಬೇಕು. ಅದೇ ಮೂರು ಮಾತು. “ಏನ್ರೀ ಕಂಡಕ್ಟರ್, ಔಟ್ ಅಂದ್ರೇನ್ರೀ?” ಎಂದೆ.

ಕಂಡಕ್ಟರ್ ತಬ್ಬಿಬ್ಬಾದ. “ಬಿಡ್ರಿ ಅಮ್ಮಾರೆ, ಅದೆಲ್ಲ ನಿಮಗ್ಯಾಕೆ? ಹುಷಾರಿಲ್ಲ ಅಂತ.”

“ಹುಷಾರಿಲ್ಲ ಅನ್ನಾಕೆ ಔಟ್ ಅಂತೀರಾ? ಸರಿಯಾಗಿ ಹೇಳ್ರಿ!” ನನ್ನ ದನಿ ಏರಿತ್ತು. ಬಸ್ಸೆಲ್ಲ ತಿರುಗಿ ನೋಡಿತು. ಮುಂದಿನ ಸೀಟಿನಲ್ಲಿ ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕಿ ಹಿಂದಕ್ಕೆ ತಿರುಗಿ, “ಕುಡ್ದಾನೆ ಅಂತ ಕಣವ್ವ. ಅಷ್ಟೂ ಗೊತ್ತಿಲ್ವಾ? ಓದಿದೋಳ್ ತರ ಕಾಣ್ತೀಯ” ಎಂದಳು.

ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಗೊತ್ತು, ಇಂಗ್ಲಿಷ್ ಟೈಪಿಸ್ಟಿಗೆ ಗೊತ್ತಿಲ್ಲ. ನಾಚಿಕೆಯಿಂದಲ್ಲ, ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ತಿಪ್ಪೇಶಿ ಆ ದಿನ ನಿಜವನ್ನೇ ಹೇಳಿದ್ದ. ಮುಂದೆ ಕೂತ ಸಾಹೇಬರನ್ನು ‘ಕುಡಿದಿದ್ರು’ ಅನ್ನಲು ಹೆದರಿ, ಹೆಣ್ಣುಮಗಳ ಎದುರಿಗೆ ಅನ್ನಲು ನಾಚಿ, ಒಂದು ಇಂಗ್ಲಿಷ್ ಮಾತನ್ನು ಅಡ್ಡ ಹಿಡಿದು ನಿಜ ಹೇಳಿದ್ದ. ಆ ಮಾತನ್ನು ನಾನು ಇಂಗ್ಲಿಷ್ ಎಂದೇ ತಿಳಿದೆ.

ಮನೆಗೆ ಹೋದವಳೇ ಟ್ರಂಕು ತೆರೆದೆ. ಶೀಘ್ರಲಿಪಿಯ ಮೇಲಿನ ಪರೀಕ್ಷೆಗೆ ಓದಿಕೊಳ್ಳಲೆಂದು ಹಳೆಯ ನೋಟ್‌ಪುಸ್ತಕಗಳನ್ನು ಎಸೆದಿರಲಿಲ್ಲ. ನ್ಯಾಮತಿಯದು ಸಿಕ್ಕಿತು. ಗೀಟುಗಳನ್ನು ಓದುತ್ತಾ ಹೋದೆ. ‘ಔಟ್ ಆಗಿದ್ರು. ಅವರ ಕೈ ಹಿಡ್ದು ಇಳಿಸ್ದೆ. ಅವನು ನೀರು ತರಾಕೆ ಓಡಿದ.’ ಅವರು, ಅವನು. ಕನ್ನಡದಲ್ಲಿ ಇಬ್ಬರು ಬೇರೆ ಬೇರೆಯಾಗಿ ನಿಂತಿದ್ದರು. ಇಂಗ್ಲಿಷಿನಲ್ಲಿ ಇಬ್ಬರನ್ನೂ ‘ಹಿ’ ಎಂಬ ಒಂದೇ ಚೀಲಕ್ಕೆ ತುಂಬಿದವಳು ನಾನು.

ರಜೆ ಹಾಕಿ ಹೊನ್ನಾಳಿಗೆ ಹೋದೆ. ಹೆಡ್ ಕ್ಲರ್ಕ್ ವೀರಭದ್ರಯ್ಯನವರಿಗೆ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ಅಗಿಯುತ್ತಾ ಕೇಳಿದರು.

“ನನಗೆ ಅವತ್ತೇ ಗೊತ್ತಿತ್ತು ಕಣಮ್ಮ. ನಿನ್ ಕಾಪಿ ಓದ್ದಾಗಲೇ ಗೊತ್ತಾಯ್ತು.”

“ಮತ್ತೆ ಹೇಳ್ಲಿಲ್ಲ ಯಾಕ್ರೀ?”

“ಹೆಣ್ಮಗಳಿಗೆ ಅಂಥ ಮಾತೆಲ್ಲ ಹೆಂಗೆ ಬಿಡಿಸಿ ಹೇಳೋದು? ಮರ್ಯಾದೆಸ್ಥರಿಗೆ ಆಗ್ತೈತಾ?”

ಆ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ಎತ್ತಿ ಅವರ ತಲೆಯ ಮೇಲೆ ಹಾಕಲಿಲ್ಲವಲ್ಲ ಎಂದು ಇವತ್ತಿಗೂ ಒಂದೊಂದು ಸಲ ಅನಿಸುತ್ತದೆ. ನನ್ನ ಮರ್ಯಾದೆ ಕಾಪಾಡಲು ದುರುಗಪ್ಪನ ಅನ್ನ ಕಿತ್ತಿದ್ದರು. “ಈಗ ತಿದ್ದಬೇಕು” ಎಂದೆ.

“ಟೈಪಾದದ್ದು ಟೈಪಾಯ್ತು. ತಪ್ಪು ನಂದೇ ಅಂತ ನೀನಾಗಿ ಬರೆದುಕೊಟ್ರೆ ನಿನಗೇ ಮೆಮೋ ಬರುತ್ತೆ. ಸುಮ್ನೆ ಮನೇಗೆ ಹೋಗು” ಎಂದರು.

ಮನೆಗೆ ಹೋಗಲಿಲ್ಲ. ನ್ಯಾಮತಿಗೆ ಹೋದೆ. ಬಸ್ ನಿಲ್ಲುವಲ್ಲಿ ದುರುಗಪ್ಪ ಪಂಚರ್ ಅಂಗಡಿ ಇಟ್ಟುಕೊಂಡಿದ್ದ. ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಏಳಬೇಕೆಂದು ನಾನೂ ಬಯಸಲಿಲ್ಲ. ಅಲ್ಲೇ ಒಂದು ಟೈರಿನ ಮೇಲೆ ಕೂತು ನಡೆದದ್ದನ್ನು ಹೇಳಿದೆ.

ಅವನು ಟ್ಯೂಬನ್ನು ನೀರಿನಲ್ಲಿ ಇನ್ನೊಂದು ಸುತ್ತು ತಿರುಗಿಸಿದ. “ತಿಪ್ಪೇಶಿ ಅವತ್ತು ಹೇಳಿದ್ದು ಈ ಕಿವಿಯಾಗೆ ಕೇಳಿದ್ದೆ ಅಮ್ಮಾರೆ. ಗೆದ್ದೆ ಅಂತ ಮನೆಗೆ ಹೋಗಿ ಹೆಂಡ್ತಿಗೆ ಪಾಯಸ ಮಾಡು ಅಂದಿದ್ದೆ. ಆಮ್ಯಾಲೆ ಆರ್ಡರ್ ಬಂತು. ನಿಮ್ಗೂ ಯಾರೋ ಏನೋ ಕೊಟ್ಟು ಹಂಗೆ ಬರೆಸ್ಯಾರೆ ಅಂದ್ಕಂಡಿದ್ದೆ.”

“ಯಾರೂ ಏನೂ ಕೊಡಲಿಲ್ಲ ದುರುಗಪ್ಪ. ನಾನೇ ದಡ್ಡಿ.”

“ಕೆಲಸ ಹೋದ್ರೆ ಹೋಗ್ಲಿ, ಕೈಯಾಗೆ ಕಸುಬೈತೆ. ಹುಣ್ಣಿಮೆ ದಿನ ಶೀಲ ಹೇಳ್ತೀವಲ್ಲ, ನಾನು ಐದನೇದು ಹೇಳಾಕೆ ಬಾಯಿ ತೆಗೆದ್ರೆ ಹಿಂದೆ ಕುಂತೋರು ಕೆಮ್ಮುತಾರೆ. ಈಗ ನಾನು ನಾಲ್ಕೇ ಹೇಳಿ ಎದ್ದು ಬರ್ತೀನಿ.” ಟ್ಯೂಬನ್ನು ನೀರಿನಿಂದ ಎತ್ತಿ ಒರೆಸಿದ. “ಅದೊಂದು ಸರಿ ಆದ್ರೆ ಸಾಕು ನಂಗೆ.”

ಅವನು ಮೇಲ್ಮನವಿ ಹಾಕಿ ಆಗಲೇ ಬಹಳ ದಿನವಾಗಿತ್ತು, ಯಾವುದೋ ಕಪಾಟಿನಲ್ಲಿ ಮಲಗಿತ್ತು. ನಾನು ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಿ ಕಳಿಸಿದೆ. ಮೆಮೋ ಮೊದಲು ಬಂತು, ವಿಚಾರಣೆಯ ದಿನಾಂಕ ಆಮೇಲೆ ಬಂತು. ನಮ್ಮ ಕಚೇರಿಗಳಲ್ಲಿ ಯಾವುದು ಬೇಗ ಓಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅಷ್ಟು ಹೊತ್ತಿಗೆ ಎಂಬತ್ತರ ದಶಕ ಶುರುವಾಗಿತ್ತು. ಕಡತವೆಲ್ಲ ಕನ್ನಡದಲ್ಲಿರಬೇಕು ಎಂದು ಮೇಲಿನಿಂದ ಕಾಗದದ ಮೇಲೆ ಕಾಗದ ಬರುತ್ತಿತ್ತು, ಕೆಲವು ಇಂಗ್ಲಿಷಿನಲ್ಲೇ. ಕನ್ನಡ ಟೈಪ್‌ರೈಟರುಗಳು ಬಂದವು. ಒತ್ತಿದರೆ ಒಂದು ಅಕ್ಷರ ಬೀಳುವುದು, ಅದಕ್ಕೆ ಒತ್ತು ಕೊಡಲು ಹೋದರೆ ಎರಡು ಕೀಲಿ ಒಂದಕ್ಕೊಂದು ಸಿಕ್ಕಿಕೊಳ್ಳುವುದು. ಬೈದುಕೊಂಡೇ ಕಲಿತೆ. ಮೇಲ್ಮನವಿಯ ಅಧಿಕಾರಿ ನಮ್ಮ ಕಡೆಯವರೇ, ಗಂಟಲು ದೊಡ್ಡದು, ಕಿವಿ ಅದಕ್ಕಿಂತ ದೊಡ್ಡದು. ಹೇಳಿಕೆಗಳನ್ನೆಲ್ಲ ಕನ್ನಡದಲ್ಲೇ ಟೈಪು ಮಾಡಲು ಹೇಳಿ ನನ್ನನ್ನೇ ಕೂರಿಸಿದರು. ಸಾಕ್ಷಿಯೂ ನಾನೇ, ಟೈಪಿಸ್ಟೂ ನಾನೇ.

“ಔಟ್ ಅಂದರೆ ಕುಡಿದಿದ್ದರು ಅಂತ ಅರ್ಥ ಅಂತೀರಿ. ನಿಮಗೆ ಹೇಗೆ ಗೊತ್ತು?” ಎಂದು ಕೇಳಿದರು.

ಹತ್ತು ಜನ ಗಂಡಸರ ನಡುವೆ ನಿಂತು, “ಬಸ್ಸಿನಲ್ಲಿ ಒಬ್ಬ ಅಜ್ಜಿ ಹೇಳಿದರು” ಎಂದೆ. ಎಲ್ಲರೂ ನಕ್ಕರು. ಸೆಕ್ಷನ್ ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಜೊತೆಗೆ ತಂದಿದ್ದ ದಪ್ಪ ನಿಘಂಟನ್ನು ಮೇಜಿನ ಮೇಲಿಟ್ಟು, “ಇದರಲ್ಲಿ ತೋರಿಸಲಿ ಸಾರ್” ಎಂದರು. ಅದರಲ್ಲಿ ಹೊರಗೆ, ಆಚೆ, ಬಹಿರಂಗ ಎಲ್ಲ ಇತ್ತು. ನಮ್ಮ ಬಸ್ ಸ್ಟ್ಯಾಂಡಿನ ಅರ್ಥ ಮಾತ್ರ ಇರಲಿಲ್ಲ.

ತಿಪ್ಪೇಶಿಯನ್ನು ಕರೆದರು. ಅವನು ಹೊಸ ಪಂಚೆ ಉಟ್ಟುಕೊಂಡು ಬಂದಿದ್ದ. ಅದನ್ನು ಯಾರು ಕೊಡಿಸಿರಬೇಕೆಂದು ಆಗಲೇ ಊಹಿಸಿದೆ.

“ಔಟ್ ಆಗಿದ್ರು ಅಂದೆಯಲ್ಲ, ಹಾಗಂದ್ರೆ ಏನಪ್ಪಾ?”

“ಔಟ್ ಅಂದ್ರೆ ಔಟೇ ಸಾ. ಹೊರಗಡೆ ಹೋಗಿದ್ರು ಅಂತ.”

ನಲ್ಲೂರಿನ ನೀರುಗಂಟಿ ನೆನಪಾದ. ನಾನು ಹೇಳಿದ್ದು ಪೈಪಿನ ಫಿಟ್ಟಿಂಗ್ ಕಣಣ್ಣ! ಈ ಮಾತುಗಳಿಗೆ ಎರಡು ಬಾಗಿಲು ಇರುವುದು ಅದಕ್ಕೇ. ಒಂದರಿಂದ ಒಳಗೆ ಬಂದು ನಿಜ ಹೇಳಿ, ಇನ್ನೊಂದರಿಂದ ಓಡಿಹೋಗಬಹುದು. ದುರುಗಪ್ಪ ಗೋಡೆಯ ಕಡೆ ಮುಖ ಮಾಡಿದ. ನಾನು ತಡೆಯಲಾರದೆ ಎದ್ದು ನಿಂತು, “ಸಾರ್, ನನ್ನ ನೋಟ್‌ಪುಸ್ತಕದಲ್ಲಿ ಇರೋದನ್ನ ಇದ್ದ ಹಾಗೇ ಓದ್ತೀನಿ, ಕೇಳಿ” ಎಂದೆ. ಓದಿದೆ. ‘ಅವರು ಅವತ್ತು ಔಟ್ ಆಗಿದ್ರು. ನಾನೇ ಅವರ ಕೈ ಹಿಡ್ದು ಇಳಿಸ್ದೆ. ಅವನು ಗೇಟಿನ ತಾವ ನೀರು ತರಾಕೆ ಓಡಿದ.’

ಅಧಿಕಾರಿ ಮತ್ತೊಮ್ಮೆ ಓದಿಸಿದರು. ಆಮೇಲೆ ತಿಪ್ಪೇಶಿಯ ಕಡೆ ತಿರುಗಿ, ಅವನ ಮಾತಿನಲ್ಲೇ, ಕಷ್ಟಸುಖ ವಿಚಾರಿಸುವವರ ಹಾಗೆ ಕೇಳಿದರು. “ಈ ದುರುಗಪ್ಪ ನಿಂಗೆ ಎಷ್ಟು ವರ್ಷದಿಂದ ಗೊತ್ತು?”

“ಚಿಕ್ಕಂದಿನಿಂದ ಗೊತ್ತು ಸಾ. ನಮ್ಮೂರ ಕೇರಿಯೋನೇ.”

“ನಿನಗಿಂತ ದೊಡ್ಡೋನಲ್ವಾ? ಏನಂತ ಕರೀತೀಯ?”

“ಏನಂತ ಕರಿಯಾದು ಸಾ, ದುರುಗ ಅಂತೀವಿ.”

“ಒಂದು ದಿನಾನಾದ್ರೂ ‘ಅವರು’ ಅಂದದ್ದುಂಟಾ?”

ತಿಪ್ಪೇಶಿಗೆ ನಗು ಬಂತು. “ಅವನಿಗ್ಯಾಕೆ ಸಾ ‘ಅವರು’ ಅನ್ನಾಕೆ ಹೋಗಣ?”

“ಹಂಗಾದ್ರೆ ಅವತ್ತು ‘ಅವರ’ ಕೈ ಹಿಡ್ದು ಇಳಿಸ್ದೆ ಅಂದೆಯಲ್ಲ, ಅದು ಯಾರ ಕೈ?”

ನಗು ಅವನ ಮುಖದ ಮೇಲೇ ನಿಂತುಹೋಯಿತು. ಸಾಹೇಬರು ನಿಘಂಟನ್ನು ಮುಚ್ಚಿದ ಸದ್ದು ಕೇಳಿತು. ತಿಪ್ಪೇಶಿ ಹೊಸ ಪಂಚೆಯ ಅಂಚನ್ನು ತಿರುಚಿದ, ಬಿಟ್ಟ, ಮತ್ತೆ ತಿರುಚಿದ. ಊರಲ್ಲಿರದ ಮನುಷ್ಯನ ಕೈಯನ್ನು ಸೇತುವೆಯ ಮೇಲೆ ಹಿಡಿಯಲು ಯಾರಿಗಾದರೂ ಆಗುತ್ತದೆಯೇ? ಕೊನೆಗೆ, “ಸಾಹೇಬ್ರದು ಸಾ” ಎಂದ, ಮೆಲ್ಲಗೆ.

ಅಧಿಕಾರಿ ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. “ಸದರಿಯವರು ಔಟ್ ಆಗಿದ್ದರೆಂದು ಸಾಕ್ಷಿ…” ಎನ್ನುವಲ್ಲಿ ನನ್ನ ಬೆರಳು ನಿಂತಿತು. ಹತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ, ಟೈಪು ಮಾಡುವ ಮುಂಚೆ ಕೇಳಿದೆ. “ಸಾರ್, ಔಟ್ ಅಂದ್ರೆ ಏನಂತ ಬರೀಲಿ?”

ಅವರು ತಿಪ್ಪೇಶಿಯನ್ನು ನೋಡಿದರು. “ಹೇಳು. ಅಮ್ಮಾರು ಕೇಳ್ತಾ ಅವ್ರೆ.”

“ಕುಡ್ದಿದ್ರು ಅಂತ ಬರೀರಿ ಅಮ್ಮಾರೆ.”

ಬರೆದೆ. ‘ಕುಡಿದಿದ್ದರು.’ ದ ಒತ್ತು ಕೀಲಿಗೆ ಸಿಕ್ಕಿಕೊಂಡಿತು, ಬಿಡಿಸಿ ಮತ್ತೆ ಹೊಡೆದೆ. ಕುಡಿದು ಜೀಪು ಜಜ್ಜಿ, ಸುಳ್ಳು ಬರೆದು ಬಡವನ ಬಾಯಿಗೆ ಮಣ್ಣು ಹಾಕಿದರೂ ಸಾಹೇಬರಿಗೆ ಕೊನೆಯ ‘ರು’ ತಪ್ಪಲಿಲ್ಲ.

ದುರುಗಪ್ಪನ ಕೆಲಸ ವಾಪಸು ಬಂತು. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಅಷ್ಟೇ. ನನ್ನ ದಾಖಲೆಯಲ್ಲಿ ‘ಎಚ್ಚರಿಕೆ ನೀಡಲಾಗಿದೆ’ ಎಂಬ ಸಾಲು ಉಳಿಯಿತು. ಆ ಸಾಲಿಗೆ ಮಾತ್ರ ನಾನು ತಕರಾರು ಮಾಡಲಿಲ್ಲ.

ಆದೇಶ ಕೈಗೆ ಬಂದ ವಾರ ದುರುಗಪ್ಪ ಜಗಳೂರಿನ ಕಚೇರಿಗೆ ಬಂದಿದ್ದ. ಹುಣ್ಣಿಮೆ ಆಗಲೇ ಕಳೆದಿತ್ತು. “ಐದೂ ಹೇಳಿದೆ ಅಮ್ಮಾರೆ. ಯಾರೂ ಕೆಮ್ಲಿಲ್ಲ” ಎಂದ. ಹೊರಡಲು ಎದ್ದವನು ಬಾಗಿಲಲ್ಲಿ ನಿಂತು, ನಗುತ್ತಲೇ ಹೇಳಿದ: “ಇಷ್ಟು ವರ್ಷ ಎಲ್ರೂ ನನ್ನ ‘ಅವನು’ ಅಂದಿದ್ದು ಒಂದಿನ ನಂಗೇ ಕೆಲಸಕ್ಕೆ ಬಂತು ನೋಡ್ರಿ.”

ಅವನು ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡುತ್ತಾ ಕೂತೆ.

ಇದನ್ನು ಬರೆದು ಮುಗಿಸಿ ಮೊದಲಿನಿಂದ ಓದಿ ನೋಡಿದೆ. ವೀರಭದ್ರಯ್ಯನವರು ಎಂದು ಬರೆದಿದ್ದೇನೆ, ಆ ಸೆಕ್ಷನ್ ಸಾಹೇಬರಿಗೂ ‘ಅವರು’ ಎಂದೇ ಬರೆದಿದ್ದೇನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ದುರುಗಪ್ಪನವರನ್ನು ಮಾತ್ರ ಉದ್ದಕ್ಕೂ ಅವನು, ಬಂದ, ಹೋದ, ಹೇಳಿದ ಎಂದು ಬರೆದುಕೊಂಡು ಬಂದಿದ್ದೇನೆ. ಯಾರೂ ಹೇಳಿಕೊಡದೆ, ಬೆರಳು ತಾನಾಗಿ ಹಾಗೆ ಬರೆಯಿತು. ತಿದ್ದಲೆಂದು ಪೆನ್ನು ತೆಗೆದೆ, ಆಮೇಲೆ ಮುಚ್ಚಿಟ್ಟೆ. ಟೈಪಾದದ್ದು ಟೈಪಾಯಿತು. ಹಾಗೇ ಇರಲಿ, ನೀವೂ ನೋಡಿ.